ಪರೀಕ್ಷೆಗೊಂದು ಮುಖ ಬೇಕು

ಬಳ್ಳಾರಿ
೯ ಮಾರ್ಚ್ ೧೯೮೪

ಗಿಡ್ಡೀ,

ಮುಂದಿನ ಸಾಲು ಓದುವ ಮುಂಚೆ ಎದ್ದು ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡು ಬಾ. ನೋಡಿದೆಯಾ? ಕರೂರಿನ ಗದ್ದೆ ಬಿಸಿಲಿಗೆ ಹಂಚಿನ ಬಣ್ಣಕ್ಕೆ ತಿರುಗಿರಬೇಕು. ಆ ಮುಖ ನನಗೆ ಬೇಕು. ತಮಾಷೆಯಲ್ಲ, ಪರೀಕ್ಷೆಗೆ ಬೇಕು.

ಬ್ಯೂಟಿ ಕೋರ್ಸಿನ ಪರೀಕ್ಷೆ ಮೇ ಹದಿನೆಂಟಕ್ಕೆ ನಿಕ್ಕಿಯಾಗಿದೆ. ಬೆಂಗಳೂರಿನಿಂದ ಪರೀಕ್ಷಕರು ಬರುತ್ತಾರಂತೆ. ಪಾಸಾದವರಿಗೆ ಲೈಸೆನ್ಸು. ಲೈಸೆನ್ಸು ಕೈಗೆ ಬಂದರೆ ನಮ್ಮ ಮೇಡಂ ಅವರ ಪಾರ್ಲರಿನಲ್ಲೇ ಕೆಲಸ ಕೊಡುತ್ತಾರೆ, ಹಿಂದಿನ ಕೋಣೆಯಲ್ಲಿ ಇರಲೂ ಬಿಡುತ್ತಾರೆ. ಬರೆಯುವ ಪರೀಕ್ಷೆಗೆ ನನಗೆ ಹೆದರಿಕೆಯಿಲ್ಲ. ಕುರುಗೋಡಿನ ಶಾಲೆಯಲ್ಲಿ ಮಗ್ಗಿ ತಪ್ಪಿ ನಿನ್ನ ಪಕ್ಕ ನಿಂತು ಏಟು ತಿಂದವಳು ಈಗ ಮುಖದ ಮೂಳೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತೇನೆ. ನಾನೀಗ ಇರುವುದು ಸೋದರತ್ತೆ ವೀರಭದ್ರತ್ತೆಯ ಮನೆಯಲ್ಲಿ ತಾನೆ, ಮಸಾಜಿಗೆ ಕೈ ಕೂರಲೆಂದು ಅವಳ ಹಿತ್ತಾಳೆ ಬಿಂದಿಗೆ ಬೋರಲು ಹಾಕಿಕೊಂಡು ಅದರ ಹೊಟ್ಟೆಯ ಮೇಲೆ ಬೆರಳಾಡಿಸುತ್ತೇನೆ. ವೀರಭದ್ರತ್ತೆ ನೋಡಿ ನೋಡಿ ಸಾಕಾಗಿ, "ಬಿಡು ತಾಯಿ, ಆ ಬಿಂದಿಗಿಗೆ ಇನ್ನ ಮುಪ್ಪು ಬರಂಗಿಲ್ಲ" ಅಂದಳು.

ತೊಡಕಿರುವುದು ಕೈಕೆಲಸದ ಪರೀಕ್ಷೆಯಲ್ಲಿ. ಅದಕ್ಕೆ ಮುಖವನ್ನು ನಾವೇ ಕರೆದುಕೊಂಡು ಹೋಗಬೇಕು. ಮಾಡೆಲ್ ಅನ್ನುತ್ತಾರೆ. ಬಿಸಿಲಿಗೆ ಕಂದಿದ, ಹಿಂದೆಂದೂ ಬ್ಲೀಚ್ ಕಾಣದ ಮುಖ ಆಗಬೇಕು. ಅತ್ತೆಯ ಸೊಸೆಯಂದಿರನ್ನು ಕೇಳಿದೆ. "ಹುಬ್ಬು ತಿದ್ದಿಸಿಕೊಂಡು ಸಿನಿಮಾದಾಕಿ ಆಗ್ಲೇನು?" ಎಂದು ನಕ್ಕರು. ಓಣಿಯವರೂ ಹಾಗೇ. ಉಳಿದವಳು ನೀನೊಬ್ಬಳೇ.

ನನ್ನ ಪಾಡು ನಿನಗೆ ಗೊತ್ತಿದೆ. ಮಕ್ಕಳಾಗಲಿಲ್ಲವೆಂದು ನಮ್ಮವರು ಸಿರುಗುಪ್ಪದ ಮನೆಗೆ ಚನ್ನವೀರಮ್ಮನನ್ನು ಎರಡನೇ ಹೆಂಡತಿಯಾಗಿ ತಂದರು, ನಾನು ಹೊಸ್ತಿಲು ದಾಟಿ ಬಂದೆ. ನನ್ನ ಒಡಹುಟ್ಟಿದ ಹಾಲಸಿದ್ದಣ್ಣ ಆಗಲೇ ಹೇಳಿದ್ದ: "ಒಂದು ವರ್ಷ ನೋಡ್ತೀನಿ. ನಿನ್ನ ಕಾಲ ಮ್ಯಾಲ ನೀ ನಿಂತ್ರ ಆತು, ಇಲ್ಲಾಂದ್ರ ಗಂಡನ ಮನಿ." ಆ ಮನೆಗೆ ತಿರುಗಿ ಹೋಗಿ ಅವರಿಬ್ಬರಿಗೂ ಎಲೆ ಹಾಕಿ ಬಡಿಸುವುದು ನನ್ನಿಂದ ಆಗದು. ಬರುತ್ತೀಯಾ?

ನಿನ್ನ
ಅಕ್ಕನಾಗಿ


ಕರೂರು
೨೦ ಮಾರ್ಚ್ ೧೯೮೪

ಅಕ್ಕನಾಗಮ್ಮಗ,

ನಿನ್ನ ಕಾಗದ ಓದಿ ನಿಜವಾಗಿ ಕನ್ನಡಿ ನೋಡಿಕೊಂಡೆ. ಮೂವತ್ತಕ್ಕೇ ಅಜ್ಜಿಯ ಮುಖವಾಗಿದೆ. ಪರೀಕ್ಷೆ ಮಾಡುವ ಅಮ್ಮ ಹೆದರಿಕೊಂಡು ಬೆಂಗಳೂರಿಗೆ ಓಡಿದರೆ ನನ್ನನ್ನು ಬೈಯಬೇಡ.

ಬರುತ್ತೇನೆ. ಬರದೆ ಏನು? ನಮ್ಮವರನ್ನು ಕೇಳಿದೆ. ನೀನು ಅಯ್ಯಣ್ಣ ಎಂದು ಕರೆಯುವ ಇವರ ಸ್ವಭಾವ ನಿನಗೆ ಗೊತ್ತಲ್ಲ, ಅರ್ಧ ಕೇಳುವುದರೊಳಗೆ "ಹೋಗಿ ಬಾ" ಅಂದರು. ಆಮೇಲೆ ಮೆಲ್ಲಗೆ, "ಮುಖ ಬ್ಯಾರೆ ಆದ್ರ ನನಗ ಗುರ್ತು ಸಿಗತೈತಿಲ್ಲೋ?" ಎಂದು ಕೇಳಿದರು. ಅತ್ತೆ ಸುಂಕಮ್ಮ ಮಾತ್ರ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅರ್ಧ ಒಪ್ಪಿಗೆ ಎಂದು ನಾನು ಲೆಕ್ಕ ಹಿಡಿದಿದ್ದೇನೆ.

ನೋವಾಗುತ್ತದೆಯೇ? ಹುಬ್ಬು ದಾರದಿಂದ ಕೀಳುತ್ತಾರಂತೆ. ಆಗಲಿ ಬಿಡು. ಭತ್ತದ ಗರಿಯಲ್ಲಿ ಕೈಯೆಲ್ಲ ಕುಯ್ದುಕೊಳ್ಳುವವಳಿಗೆ ನಾಲ್ಕು ಕೂದಲು ಯಾವ ಲೆಕ್ಕ.

ಒಂದು ಮಾತು ಮನಸ್ಸಿನಲ್ಲಿ ಕುಟುಕುತ್ತಿದೆ. ನನ್ನ ಮುಖದಿಂದಲೇ ನಿನಗೆ ಫೇಲಾದರೆ? ನಿನ್ನ ಬಾಳು ನನ್ನ ಕೆನ್ನೆಯ ಮೇಲೆ ನಿಂತಿದೆ ಅಂದರೆ ನನಗೆ ಅನ್ನ ಇಳಿಯುವುದಿಲ್ಲ ನೋಡು. ಅದನ್ನು ಸರಿಯಾಗಿ ಬರೆ.

ನಿನ್ನ
ಗಿಡ್ಡಮ್ಮ


ಬಳ್ಳಾರಿ
೬ ಏಪ್ರಿಲ್ ೧೯೮೪

ಗಿಡ್ಡೀ,

ಯುಗಾದಿಗೆ ಹಾಲಸಿದ್ದಣ್ಣ ಬಂದಿದ್ದ. ಹೋಳಿಗೆ ತಿಂದು, ಎಲೆ ಅಡಿಕೆ ಹಾಕಿಕೊಂಡು, ಬಹಳ ಹೊತ್ತು ಮಾತಾಡಿದ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ: ಫೇಲಾದರೆ ಆರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇರುತ್ತದೆ. ಅದಕ್ಕೂ ಕೂರಬಹುದು, ಅಣ್ಣ ಹೂಂ ಅಂದಿದ್ದಾನೆ. ಆದ್ದರಿಂದ ನೀನು ಹೊಟ್ಟೆ ತುಂಬ ಉಣ್ಣು. ಒಣಗಿದ ಮುಖಕ್ಕೆ ಮಾರ್ಕ್ಸ್ ಕಡಿಮೆ.

ಈಗ ನನ್ನ ಆಜ್ಞೆ ಕೇಳು. ಮೇ ಒಂದರಿಂದ ಮುಖಕ್ಕೆ ಸ್ನೋ ಇಲ್ಲ, ಪೌಡರ್ ಇಲ್ಲ, ಎಣ್ಣೆ ಇಲ್ಲ. ಮುಖ್ಯವಾಗಿ ಅರಿಶಿಣ ಇಲ್ಲ. ನಮ್ಮ ಪುಸ್ತಕದಲ್ಲಿ ಅರಿಶಿಣದ ಮಾತೇ ಇಲ್ಲ, ಯಾವ ದೇಶದವರು ಬರೆದರೋ ಏನೋ. ಆದರೆ ನಮ್ಮ ಮೇಡಂ ತೆಲುಗಿನವರು, ಅವರಿಗೆ ಇಲ್ಲಿಯ ಹೆಂಗಸರ ಕೆನ್ನೆ ಗೊತ್ತು. "ಪಸುಪು ಪೆಟ್ಟಿನ ಮುಖಂ ತೇವದ್ದು" ಎಂದು ಎಲ್ಲರಿಗೂ ಹೇಳಿದ್ದಾರೆ. ಅರಿಶಿಣ ಹಚ್ಚಿದ ಮುಖ ತರಬೇಡಿ ಅಂತ. ಅದರ ಮೇಲೆ ಬ್ಲೀಚ್ ಹಾಕಿದರೆ ಕೆಲಸ ಕೆಡುತ್ತದೆ. ಮುತ್ತೈದೆಗೆ ಇದು ಕಷ್ಟ ಎಂದು ಗೊತ್ತು. ಹದಿನೆಂಟು ಶುಕ್ರವಾರ ಬೇರೆ. ಕುಂಕುಮ ಎಷ್ಟು ದೊಡ್ಡದಾದರೂ ಇಟ್ಟುಕೋ, ಪಾದಕ್ಕೆ ಬೇಕಾದಷ್ಟು ಅರಿಶಿಣ ಬಳಿದುಕೋ. ಕೆನ್ನೆ ಮಾತ್ರ ನನಗೆ ಬಿಡು.

ಅತ್ತೆ ಜಗಳ ಮಾಡಿದರೆ ನನಗೆ ಬರೆ. ಮುಚ್ಚಿಡಬೇಡ.

ಅಕ್ಕನಾಗಿ


ಕರೂರು
೪ ಮೇ ೧೯೮೪

ಅಕ್ಕನಾಗಮ್ಮಗ,

ಒಂದನೇ ತಾರೀಖಿನಿಂದ ಅರಿಶಿಣ ಬಿಟ್ಟಿದ್ದೇನೆ. ಮೊದಲ ದಿನ ಮುಖ ತೊಳೆದು ಕನ್ನಡಿ ನೋಡಿದರೆ ಬೇರೆ ಯಾರದೋ ಮುಖದ ಹಾಗೆ ಕಂಡಿತು. ಗದ್ದೆಯಲ್ಲಿ ಹೆಂಗಸರು ಕೇಳಿದರು. "ಬಳ್ಳಾರಿ ಡಾಕ್ಟರಮ್ಮ ಬ್ಯಾಡಂದಾರ" ಎಂದೆ. ನಿನ್ನನ್ನು ಡಾಕ್ಟರಮ್ಮ ಮಾಡಿಬಿಟ್ಟೆ, ನೋಡು.

ಅತ್ತೆಗೆ ಸ್ವಲ್ಪ ಮುನಿಸು. ಅಂಥದ್ದೇನಿಲ್ಲ. ಇವತ್ತು ಶುಕ್ರವಾರ ಆದ್ದರಿಂದ ಅರಿಶಿಣದ ಬಟ್ಟಲನ್ನು ನನ್ನ ಮುಂದೆ ತಂದಿಟ್ಟರು, ನಾನು ಪಾದಕ್ಕೆ ಹಚ್ಚಿಕೊಂಡು ಎದ್ದೆ. ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಅಷ್ಟೇ.

ಎರಡನೇ ಬೆಳೆಯ ಕೊಯ್ಲು ನಡೆದಿದೆ. ಇವರು ಟ್ರ್ಯಾಕ್ಟರಿನ ಹಿಂದೆಯೇ ಇರುತ್ತಾರೆ, ಮನೆಗೆ ಬಂದರೆ ಊಟಕ್ಕೆ. ನಿನ್ನ ಪರೀಕ್ಷೆಯ ಹೊತ್ತಿಗೆ ಕೊಯ್ಲು ಮುಗಿಯುತ್ತದೆ. ಇನ್ನೊಂದು ಸಲ ಕೂರಬಹುದು ಎಂದು ಬರೆದಿದ್ದೀಯಲ್ಲ, ಖರೆ ತಾನೆ? ನಾನು ಹೆದರುತ್ತೇನೆಂದು ಬರೆದದ್ದಲ್ಲ ತಾನೆ?

ಗಿಡ್ಡಮ್ಮ


ಬಳ್ಳಾರಿ
೯ ಮೇ ೧೯೮೪

ಗಿಡ್ಡೀ,

ಖರೆ. ಎಷ್ಟು ಸಲ ಕೇಳುತ್ತೀಯ? ಇದು ಹೋದರೆ ನವೆಂಬರಿನದು ಇದೆ.

ನಾನು ಚೆನ್ನಾಗಿದ್ದೇನೆ. ನಿದ್ದೆ ಸ್ವಲ್ಪ ಕಡಿಮೆ. ದಾರ ಹಿಡಿದು ಹಿಡಿದು ಹೆಬ್ಬೆರಳ ಸಂದಿಯಲ್ಲಿ ಗೀರು ಬಿದ್ದಿದೆ. ಕೂದಲು ಕೀಳುವುದನ್ನು ನನ್ನ ಕಾಲಿನ ಮೇಲೇ ಕಲಿತೆ, ಈಗ ಒಂದು ಕೂದಲೂ ಉಳಿದಿಲ್ಲ. ಮೊನ್ನೆ ಮೇಡಂ ನನ್ನ ಕೈ ನೋಡಿ, "ಅಮ್ಮಾಯಿ, ನಿನ್ನ ಕೈಯಲ್ಲಿ ಗಡಿಬಿಡಿ ಇಲ್ಲ" ಅಂದರು. ಗಂಡನ ಮನೆಯ ಎಂಟು ವರ್ಷದಲ್ಲಿ ನನ್ನ ಕೈಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಹಿತ್ತಲಿಗೆ ಹೋಗಿ ಅತ್ತು ಬಂದೆ, ಸಂತೋಷಕ್ಕೆ.

ಕರೂರಿನಿಂದ ಮೊದಲ ಬಸ್ಸಿಗೆ ಹೊರಡು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ನಮ್ಮವರ ಅಂಗಡಿಯ ಕಡೆ ನೋಡಬೇಡ. ಬಳ್ಳಾರಿ ಸ್ಟ್ಯಾಂಡಿನಲ್ಲಿ ಇಳಿದು ನೇರ ಸೆಂಟರಿಗೆ ಬಾ, ವಿಳಾಸ ಹಿಂದೆ ಬರೆದಿದ್ದೇನೆ. ಹತ್ತು ಗಂಟೆಗೆ ಒಳಗೆ ಕರೆಯುತ್ತಾರೆ. ನಾನು ಗೇಟಿನಲ್ಲೇ ನಿಂತಿರುತ್ತೇನೆ.

ಅಕ್ಕನಾಗಿ


ಕರೂರು
೧೫ ಮೇ ೧೯೮೪

ಅಕ್ಕನಾಗಮ್ಮಗ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಹೊತ್ತಿಲ್ಲ. ಇವರ ಕಾಲಿಗೆ ಸ್ವಲ್ಪ ಪೆಟ್ಟಾಗಿದೆ. ಏನೂ ಚಿಂತೆಯಿಲ್ಲ. ಶುಕ್ರವಾರ ಮೊದಲ ಬಸ್ಸಿಗೆ ಬಂದೇ ಬರುತ್ತೇನೆ. ಸಂಜೆಗೆ ಹಿಂತಿರುಗಬೇಕು.

ಗಿಡ್ಡಮ್ಮ


ಕರೂರು
೨೪ ಮೇ ೧೯೮೪

ಅಕ್ಕನಾಗಿ,

ನಿನ್ನ ಕಾಗದಕ್ಕೆ ಕಾದೆ. ಬರಲಿಲ್ಲ. ನಾನೇ ಬರೆಯುತ್ತಿದ್ದೇನೆ. ಬೈದರೂ ಸರಿ, ಪೂರ್ತಿ ಓದು.

ಮೊದಲು ಇದು: ನನ್ನ ಮುಖ ಸುಟ್ಟಿಲ್ಲ. ಪರೀಕ್ಷೆ ಮಾಡುವ ಆ ಕನ್ನಡಕದ ಅಮ್ಮ "ಮುಖ ಸುಟ್ಟುಬಿಟ್ಟಳಲ್ಲ ಈ ಹುಡುಗಿ" ಎಂದು ಕೂಗಿದ್ದು ಸುಳ್ಳು. ನನಗೆ ಉರಿಯಲೇ ಇಲ್ಲ. ಬಸ್ಸಿನಲ್ಲಿ ಜನ ನನ್ನ ಕೆಂಪು ಮುಖ ನೋಡಿ ಪಕ್ಕದ ಸೀಟು ಬಿಟ್ಟು ಎದ್ದರು. ಮನೆಗೆ ಬಂದು ಹುಣಸೆ ನೀರಿನಲ್ಲಿ ತೊಳೆದೆ, ಕೆಂಪು ಇಳಿದು ಹಳದಿಯಾಯಿತು. ಅಷ್ಟೇ ಅದು. ಅರಿಶಿಣಕ್ಕೆ ಸುಣ್ಣ ಬಿದ್ದು ಆರತಿ ನೀರು ಕೆಂಪಾಗುವುದಿಲ್ಲವೇ, ಹಾಗೆ. ನೀನು ಹಚ್ಚಿದ ಬ್ಲೀಚಿನಲ್ಲೂ ಅಂಥದ್ದೇ ಏನೋ ಇತ್ತು.

ಹೌದು, ನಾನು ಅರಿಶಿಣ ಹಚ್ಚಿಕೊಂಡಿದ್ದೆ.

ಕಾರ್ಡಿನಲ್ಲಿ ಸ್ವಲ್ಪ ಪೆಟ್ಟು ಎಂದು ಬರೆದೆ. ಸ್ವಲ್ಪ ಅಲ್ಲ. ಟ್ರ್ಯಾಕ್ಟರಿನ ಗಾಲಿ ಇವರ ಪಾದದ ಮೇಲೆ ಹತ್ತಿತ್ತು. ಸಿರುಗುಪ್ಪದ ಆಸ್ಪತ್ರೆಗೆ ಒಯ್ದೆವು. ಬೆರಳು ಕಪ್ಪಾಗುತ್ತಿವೆ, ಕಪ್ಪು ಮೇಲೆ ಏರಿದರೆ ಕಾಲು ತೆಗೆಯಬೇಕು, ಶುಕ್ರವಾರದವರೆಗೆ ನೋಡೋಣ ಅಂದರು. ಮನೆಯಲ್ಲಿ ಎಲ್ಲರೂ ನನ್ನ ಕೆನ್ನೆ ನೋಡುವವರೇ. ಬೋಳು ಮುಖ ಹೊತ್ತುಕೊಂಡು ತಿರುಗಿದ್ದಕ್ಕೇ ಹೀಗಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಿಗೆ ಅಡ್ಡ ಬಂದರು. ಬೈಯಲಿಲ್ಲ. ನನ್ನ ಕಾಲು ಹಿಡಿದುಕೊಂಡರು. "ನನ್ನ ಮಗನ ಕಾಲು ಹೋಗ್ತೈತಿ ಯವ್ವಾ. ಇವತ್ತೊಂದಿನ ಹಚ್ಚಿಕೊಂಡು ಹೋಗು" ಅಂದರು. ಅತ್ತೆ ಸೊಸೆಯ ಕಾಲು ಹಿಡಿಯುವುದೆಂದರೆ ಏನು, ನೀನೇ ಹೇಳು. ಬಟ್ಟಲು ತಗೊಂಡು ಗಲ್ಲದ ತುಂಬ ಹಚ್ಚಿಕೊಂಡೆ. ಅವರ ಸಲುವಾಗಿ ಮಾತ್ರ ಅಲ್ಲ. ನನಗೂ ಹೆದರಿಕೆಯಾಗಿತ್ತು.

ಬಳ್ಳಾರಿ ಸ್ಟ್ಯಾಂಡಿನ ನಲ್ಲಿಯಲ್ಲಿ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಹೋಯಿತು ಅಂದುಕೊಂಡೆ. ಪರೀಕ್ಷೆಯ ಕೋಣೆಯಲ್ಲಿ ನೀನು ಪುಸ್ತಕದ ಮಾತಿನಲ್ಲಿ, "ಮುಖಕ್ಕೆ ಏನಾದರೂ ಹಚ್ಚಿದ್ದೀರಾ?" ಎಂದು ಕೇಳಿದಾಗ "ಇಲ್ಲರೀ" ಎಂದೆ. ಹೂಂ ಅಂದರೆ ನನ್ನನ್ನು ಎಬ್ಬಿಸಿ ಕಳಿಸುತ್ತಾರೆ, ನಿನಗೆ ಮಾಡೆಲ್ಲೇ ಇಲ್ಲದಂತಾಗುತ್ತದೆ ಅನ್ನಿಸಿತು. ನಿಜ ಹೇಳುತ್ತೇನೆ, ಬೆಳಿಗ್ಗೆ ಬಟ್ಟಲು ಕೈಗೆ ತೆಗೆದುಕೊಳ್ಳುವಾಗ ತೂಗಿ ನೋಡಿದೆ. ನಿನ್ನ ಪರೀಕ್ಷೆ ಆರು ತಿಂಗಳಿಗೆ ಮತ್ತೆ ಬರುತ್ತದೆ, ಇವರ ಕಾಲು ಮತ್ತೆ ಬರುವುದಿಲ್ಲ. ನೀನು ನನ್ನ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಅತ್ತೆ ಅರಿಶಿಣದಿಂದಲೇ ಉಳಿಯಿತು ಅನ್ನುತ್ತಾರೆ, ನಾನು ಎದುರಾಡುವುದಿಲ್ಲ. ನವೆಂಬರಿಗೆ ಮೂರು ತಿಂಗಳು ಮುಂಚಿನಿಂದ ಬಿಡುತ್ತೇನೆ, ಬೇಕಾದರೆ ಬಳ್ಳಾರಿಯಲ್ಲೇ ನಿನ್ನ ಹತ್ತಿರ ಬಂದು ಇರುತ್ತೇನೆ. ಈ ಸಲ ಮನ್ನಿಸು. ಒಂದು ಸಾಲಾದರೂ ಬರೆ.

ಗಿಡ್ಡಮ್ಮ


ಬಳ್ಳಾರಿ
೧೨ ಜೂನ್ ೧೯೮೪

ಗಿಡ್ಡಮ್ಮ,

ಅಯ್ಯಣ್ಣನ ಕಾಲು ಉಳಿದದ್ದು ಒಳ್ಳೆಯದಾಯಿತು. ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದು ಬರೆಯಲು ಎರಡು ಸಲ ಕೂತೆ, ಬರೆಯಲಾಗಲಿಲ್ಲ. ಕೆನ್ನೆ ಕೆಂಪಾದ ಕೂಡಲೇ ನನಗೆ ಗೊತ್ತಾಯಿತು ಅದು ಏನೆಂದು. ಬ್ಲೀಚಿಗೆ ಅಮೋನಿಯಾ ಎಷ್ಟು ಹನಿ ಬೇಕೋ ಅಷ್ಟೇ ಹಾಕಿದ್ದೆ. ನಿನ್ನ ಮೊಣಕೈ ಮಡಿಕೆಯಲ್ಲಿ ಹಚ್ಚಿ ಪರೀಕ್ಷೆಯನ್ನೂ ಮಾಡಿದ್ದೆ. ಮೊಣಕೈಗೆ ಯಾರು ಅರಿಶಿಣ ಹಚ್ಚುತ್ತಾರೆ? ಅಲ್ಲಿ ಏನೂ ಆಗಲಿಲ್ಲ. ಮುಖ ಒರೆಸಿದಾಗ ಹತ್ತಿ ಸ್ವಲ್ಪ ಹಳದಿ ಬಂದಿತ್ತು. ನೋಡಿದೆ. ಬಸ್ಸಿನ ಧೂಳಿರಬೇಕು ಅಂದುಕೊಂಡೆ, ನೀನು ಇಲ್ಲ ಅಂದಿದ್ದೆಯಲ್ಲ.

ಅವರು ನಿನ್ನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: "ಮಾಡೆಲನ್ನು ವಿಚಾರಿಸಿದೆಯಾ?" ವಿಚಾರಿಸಿದೆ, ಅವಳು ಸುಳ್ಳು ಹೇಳಿದಳು ಅನ್ನಬಹುದಿತ್ತು. ಬಾಗಿಲ ಸಂದಿಯಲ್ಲಿ ನೀನು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದು ಕಾಣುತ್ತಿತ್ತು. ನಿನ್ನ ಮಾತು ಎತ್ತದೆ ಹತ್ತಿ, ದಾರ ಎತ್ತಿಡತೊಡಗಿದೆ. ಮಾಡೆಲಿಗೆ ಅಪಾಯ ಮಾಡಿದ್ದಾಳೆ ಎಂದು ಬರೆದುಕೊಂಡರು. ಆಮೇಲೆ ಮೇಡಂ ಅದು ಅರಿಶಿಣ ಎಂದು ಎಷ್ಟೋ ಹೇಳಿದರು. ಹಾಗಾದರೆ ಅರಿಶಿಣ ಗುರುತಿಸಲಾರದವಳಿಗೆ ಲೈಸೆನ್ಸು ಹೇಗೆ ಕೊಡಲಿ ಅಂದರಂತೆ ಪರೀಕ್ಷಕರು.

ಈಗ ನಾನು ನಿನಗೆ ಹೇಳಬೇಕಾದದ್ದು. ನವೆಂಬರಿನ ಪರೀಕ್ಷೆ ಇದೆ, ಆದರೆ ನನಗಿಲ್ಲ. ಯುಗಾದಿಯ ದಿನ ಅಣ್ಣ ಹೂಂ ಅನ್ನಲಿಲ್ಲ. ನಾನು ಕಾಲಿಗೆ ಬಿದ್ದು ಕೇಳಿದೆ. "ಇದೊಂದಽ ಸಲ. ಸಿರುಗುಪ್ಪದವರಿಗೆ ಮಾತು ಕೊಟ್ಟೀನಿ" ಅಂದ. ಅದನ್ನು ನಿನಗೆ ಬರೆದರೆ ನೀನು ಊಟ ಬಿಡುತ್ತೀ, ಹೆದರಿ ನಡುಗುವ ಮುಖ ತರುತ್ತೀ ಎಂದು ಮುಚ್ಚಿಟ್ಟೆ. ನೀನು ಖರೆ ತಾನೆ ಎಂದು ಬಿಡಿಸಿ ಕೇಳಿದಾಗಲೂ ಖರೆ ಎಂದೆ. ನೀನು ಕಾಲಿಗೆ ಸ್ವಲ್ಪ ಪೆಟ್ಟು ಎಂದು ಬರೆದೆ. ನಿಜ ಬರೆದಿದ್ದರೆ ಅವತ್ತು ನಿನ್ನನ್ನು ಬರಬೇಡ ಅನ್ನುತ್ತಿದ್ದೆ, ಯಾರ ಕಾಲಾದರೂ ಹಿಡಿದು ಬೇರೆ ಮುಖ ತರುತ್ತಿದ್ದೆ. ನಾನು ನಿಜ ಬರೆದಿದ್ದರೆ ನೀನು ಬಟ್ಟಲು ಮುಟ್ಟುತ್ತಿದ್ದೆಯೋ ಇಲ್ಲವೋ, ಗೊತ್ತಿಲ್ಲ. ಅದನ್ನು ನನಗೆ ಹೇಳಬೇಡ.

ಗುರುವಾರ ಅಣ್ಣ ಕರೆದೊಯ್ಯಲು ಬರುತ್ತಾನೆ.

ಅಕ್ಕನಾಗಮ್ಮ


ಕರೂರು
೧೫ ಜೂನ್ ೧೯೮೪

ಅಕ್ಕನಾಗಿ,

ನಿನ್ನ ಕಾಗದ ನನಗೆ ಮುಟ್ಟುವುದರೊಳಗೆ ಗುರುವಾರ ಕಳೆದುಹೋಗಿತ್ತು, ಅದಕ್ಕೇ ಸಿರುಗುಪ್ಪದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಯಾರಾದರೂ ಒಡೆದರೆ ಒಡೆಯಲಿ.

ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಇರಬೇಡ. ಇಲ್ಲಿಗೆ ಬಂದುಬಿಡು. ಇವರನ್ನು ಕೇಳಿದ್ದೇನೆ. "ಬರಲಿ, ನಾವು ಉಣ್ಣೋದ್ರಾಗ ಆಕಿ ಉಣ್ಣಲಿ" ಅಂದರು. ಅತ್ತೆಯೂ ಬೇಡ ಅನ್ನಲಿಲ್ಲ. ಎಲ್ಲ ತಿಳಿದ ಮೇಲೆ ಅವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ನಿಮ್ಮ ಜನ, ನಮ್ಮ ಜನ ಏನಾದರೂ ಅಂದುಕೊಳ್ಳಲಿ. ಇಲ್ಲೇ ಸಿರುಗುಪ್ಪದ ರೋಡಿನಲ್ಲಿ ಒಂದು ಗುಡಿಸಲು ಹಾಕಿಕೊಡುತ್ತೇವೆ, ಮದುವೆ ಹೆಣ್ಣುಗಳಿಗೆ ತಲೆ ಬಾಚು, ಮುಖ ತಿದ್ದು. ಲೈಸೆನ್ಸು ಕೇಳುವವರು ಇಲ್ಲಿ ಯಾರಿದ್ದಾರೆ?

ಬಾ. ಇಲ್ಲ ನಾನೇ ಬರಲಾ?

ಗಿಡ್ಡಮ್ಮ


ಸಿರುಗುಪ್ಪ
೩ ಆಗಸ್ಟ್ ೧೯೮೪

ಕರೂರಿನ ಗಿಡ್ಡಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಮನೆಯಲ್ಲಿ ಎಲ್ಲರೂ ಓದಿದರು. ನಾನು ಇಲ್ಲಿ ಸುಖವಾಗಿದ್ದೇನೆ. ಬೇರೆ ಎಲ್ಲಿಗೂ ಬರುವ ಮಾತಿಲ್ಲ. ನಿಮ್ಮ ಯಜಮಾನರು ನಡೆದಾಡುತ್ತಿದ್ದಾರೆಂದು ನಂಬಿದ್ದೇನೆ.

ಇಷ್ಟು ನಮ್ಮವರಿಗೆ ತೋರಿಸಿ ಆಯಿತು. ಮಿಕ್ಕದ್ದನ್ನು ಈ ಹಾಳೆಯ ಹಿಂಬದಿಗೆ ಈಗ ಬರೆಯುತ್ತಿದ್ದೇನೆ. ಕಾಗದ ಅಂಟಿಸುವುದು ನನ್ನದೇ ಕೆಲಸ.

ಚನ್ನವೀರಮ್ಮನಿಗೆ ಐದು ತಿಂಗಳು. ಕೆನ್ನೆಯ ಮೇಲೆ ಕಪ್ಪು ಛಾಯೆ ಬಂದಿದೆ. ಬಸುರಿಯರಿಗೆ ಬರುತ್ತದೆ, ಹೆರಿಗೆಯಾದ ಮೇಲೆ ಹೋಗುತ್ತದೆ, ನಮ್ಮ ಪುಸ್ತಕದಲ್ಲಿತ್ತು. ಅವಳು ಅದಕ್ಕೆ ಅಳುತ್ತಾಳೆ. "ಅಕ್ಕ ಕಲ್ತು ಬಂದಾಳಲ್ಲ, ನೋಡ್ಲಿ" ಎಂದು ಅವರೇ ಹೇಳಿದರು. ಶುಕ್ರವಾರ ಶುಕ್ರವಾರ ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಹಚ್ಚಿ ಮಸಾಜು ಮಾಡುತ್ತೇನೆ. ಈಗಷ್ಟೇ ಮುಗಿಸಿ ಬಂದೆ. ಅವಳು ಕೆಟ್ಟವಳಲ್ಲ, ಗಿಡ್ಡೀ. ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡು, "ನಿಮ್ಮ ಕೈ ಭಾಳ ತಂಪೈತಿ ಅಕ್ಕಾ, ನೀವು ಪಾಸಾಗಬೇಕಿತ್ತು" ಎನ್ನುತ್ತಾಳೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳುವುದಲ್ಲ. ಅವರು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತು ನೋಡುತ್ತಾರೆ, ಅವಳನ್ನು. ನಾನು ಕೈ ನಿಲ್ಲಿಸುವುದಿಲ್ಲ.

ನಿನ್ನ ಮೇಲೆ ಸಿಟ್ಟು ಹೋಗಿದೆ. ಹೋದದ್ದೂ ಒಳ್ಳೆಯದಲ್ಲ ಅನ್ನಿಸುತ್ತದೆ. ಸಿಟ್ಟಿದ್ದಷ್ಟು ದಿನ ಬೇರೆ ಏನೋ ಆಗಬಹುದಿತ್ತು ಎಂಬ ಆಸೆಯೂ ಇತ್ತು.

ಕರೂರಿನ ಬಸ್ಸು ನಮ್ಮ ಅಂಗಡಿಯ ಮುಂದೆಯೇ ನಿಲ್ಲುತ್ತದೆ, ನನಗೆ ಕಿಟಕಿಯಿಂದ ಕಾಣುತ್ತದೆ. ನೀನು ಇಳಿಯಬೇಡ. ನಿನ್ನನ್ನು ಕಂಡರೆ ಅಳು ಬರುತ್ತದೆ, ಇಲ್ಲಿ ಅತ್ತರೆ ಯಾಕೆ ಎಂದು ಕೇಳುತ್ತಾರೆ. ಏನೆಂದು ಹೇಳಲಿ?

ಅಕ್ಕನಾಗಿ